ಎಸ್‌ಎಂಪಿಎಸ್ "550 ವ್ಯಾಟ್ ಎಳೆಯುತ್ತೆ" ಅಂದ್ರೆ ಯಾವ ಕಡೆಯಿಂದ?

ಒಂದು ಪದದ ವಿಷ್ಯಕ್ಕೆ ತಿಳಿದೋರು ಸಹಾಯ ಮಾಡ್ಬೇಕು. ನಾನು ಹಾಸನದಲ್ಲಿ ಕಂಪ್ಯೂಟರ್ ಜೋಡಿಸೋ, ರಿಪೇರಿ ಮಾಡೋ ಅಂಗಡಿ ಇಟ್ಕೊಂಡಿದೀನಿ, ವ್ಯಾಕರಣ ಓದಿದವನಲ್ಲ, ಆದ್ರೆ "ಎಳೆ" ಅನ್ನೋ ಒಂದೇ ಕ್ರಿಯಾಪದದಿಂದ ಕೈಗೆ ಬಂದಿದ್ದ ವ್ಯಾಪಾರ ತಪ್ಪಿ ಹೋಯ್ತು, ಅವತ್ತಿಂದ ತಲೇಲಿ ಅದೇ ಕೊರೀತಿದೆ.

ಆಲೂರು ಕಡೆಯವ್ರೊಬ್ರು ಮಗನಿಗೆ ಗೇಮ್ ಆಡೋಕೆ ಡೆಸ್ಕ್‌ಟಾಪ್ ಬೇಕು ಅಂತ ಬಂದಿದ್ರು. 65 ವ್ಯಾಟಿನ ಪ್ರೊಸೆಸರ್ರು, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು, ಅದು 170 ವ್ಯಾಟು, ಮದರ್‌ಬೋರ್ಡು ಡಿಸ್ಕು ಫ್ಯಾನು ಎಲ್ಲ ಸೇರಿ ಜೋರಾಗಿ ಕೆಲ್ಸ ಮಾಡೋವಾಗ ಹತ್ತಿರತ್ತಿರ 300 ಅಂತ ಲೆಕ್ಕ ಹಾಕಿ 550ರ ಎಸ್‌ಎಂಪಿಎಸ್, ಅಂದ್ರೆ ಗೋಡೆಯ ಕರೆಂಟ್ ತಗೊಂಡು ಕಂಪ್ಯೂಟರ್ ಒಳಗಿನ ಭಾಗಗಳಿಗೆ ಹಂಚೋ ಡಬ್ಬ, ಮುಂದಿಟ್ಟೆ, ಆ ಕಾರ್ಡಿನ ಕಂಪನಿ ಎನ್‌ವಿಡಿಯಾದವ್ರು ಹೇಳೋದೂ 550 ಅಂತಾನೇ. ಅವ್ರು ಡಬ್ಬ ಆ ಕಡೆ ಈ ಕಡೆ ತಿರುಗಿಸಿ "ಇದು 550 ವ್ಯಾಟ್ ಎಳೆಯುತ್ತಾ ಸಾರ್?" ಅಂದ್ರು. ನಾನು ಹುರುಪಲ್ಲಿ "ಆರಾಮಾಗಿ ಎಳೆಯುತ್ತೆ ಬಿಡಿ ಯಜಮಾನ್ರೇ, ಹಗಲೂ ರಾತ್ರಿ ಎಳೆಯುತ್ತೆ" ಅಂದೆ. ಅವ್ರ ಮುಖ ಸಪ್ಪಗಾಯ್ತು. ಡಬ್ಬ ಕೌಂಟರ್ ಮೇಲೆ ಮೆಲ್ಲಗಿಟ್ಟು "ಪಂಪ್‌ಸೆಟ್ಟಾದ್ರೆ ಬಿಲ್ ಇಲ್ಲ, ಮನೆ ಮೀಟರಿಗೆ ಯಾರು ಕಟ್ಟೋರು" ಅಂತ ಹೊರಟೇಬಿಟ್ರು.

ನಾನು ಹೇಳಿದ್ದು ಒಳಗಿನ ಲೋಡ್ ಎಳೆಯೋದು, ಅವ್ರಿಗೆ ಕೇಳಿಸಿದ್ದು ಗೋಡೆ ಪ್ಲಗ್ಗಿಂದ ಕರೆಂಟ್ ಎಳೆಯೋದು!

ಎರಡೂ ನಮ್ಮ ಕಡೆ ದಿನಾ ಆಡೋ ಮಾತೇ. "ಗೀಸರ್ ಜಾಸ್ತಿ ಕರೆಂಟ್ ಎಳೆಯುತ್ತೆ" ಅಂತೀವಿ, "ಶಿರಾಡಿ ಘಾಟಲ್ಲಿ ಈ ಲಾರಿ ಲೋಡ್ ಎಳೆಯಲ್ಲ" ಅಂತಾನೂ ಅಂತೀವಿ. ಕರೆಂಟ್ ಅಂತಲೋ ಲೋಡ್ ಅಂತಲೋ ಮುಂದೊಂದು ಪದ ಇದ್ರೆ ಗೊಂದಲ ಇಲ್ಲ, ಆ ಜಾಗಕ್ಕೆ ವ್ಯಾಟ್ ಬಂತೋ ಕೆಡ್ತು, ಯಾಕಂದ್ರೆ ತಗೊಳೋದಕ್ಕೂ ಕೊಡೋದಕ್ಕೂ ಅಳತೆ ಅದೊಂದೇ. ಡಬ್ಬದ ಮೇಲಿರೋ 550 ಅನ್ನೋದು ಅದು ಒಳಗೆ ಕೊಡಬಲ್ಲ ಗರಿಷ್ಠ ಅಷ್ಟೇ. ಒಳಗಿನೋರು 300 ಕೇಳಿದ್ರೆ 300 ಕೊಡುತ್ತೆ, ದಕ್ಷತೆ ಶೇ. 85 ಇದ್ರೆ ಅದಕ್ಕೆ ಗೋಡೆಯಿಂದ ಸುಮಾರು 353 ತಗೊಳುತ್ತೆ, ನಡುವಿನ 53 ಬಿಸಿಯಾಗಿ ಹಿಂದಿನ ಫ್ಯಾನಲ್ಲಿ ಆಚೆ ಹೋಗುತ್ತೆ. ಬಿಲ್ ಬರೋದು 353ಕ್ಕೆ, 550ಕ್ಕಲ್ಲ. ಇಷ್ಟನ್ನ ಅವ್ರಿಗೆ ಹೇಳೋಷ್ಟ್ರಲ್ಲಿ ಮೆಟ್ಲು ಇಳಿದಾಗಿತ್ತು.

ಮೂರು ವಾರ ಆದ್ಮೇಲೆ ಅಪ್ಪ ಮಗ ಇಬ್ರೂ ಸಿಪಿಯು ಹೊತ್ಕೊಂಡು ಬಂದ್ರು. ಬೇರೆಲ್ಲೋ ಅಗ್ಗಕ್ಕೆ "450 ವ್ಯಾಟ್" ಅಂತ ಬರೆದಿರೋದೊಂದು ಹಾಕಿಸಿದ್ರು, ಕಮ್ಮಿ ಎಳೆಯುತ್ತೆ ಅಂತ. ಹುಡುಗ ಹೇಳಿದ್ದೇನು ಗೊತ್ತಾ, "ಗೇಮ್ ಓಪನ್ ಮಾಡಿದ್ರೆ ರೀಸ್ಟಾರ್ಟ್ ಆಗುತ್ತೆ, ಎಳೀತಿಲ್ಲ ಅಂಕಲ್". ಅದೇ ಪದ, ಈ ಸಲ ನನ್ನ ಅರ್ಥದಲ್ಲಿ! ಪಕ್ಕದಲ್ಲಿ ಅಪ್ಪನೂ ಹೂಂ ಅಂತ ತಲೆ ಆಡಿಸ್ತಿದ್ರು. ಬಿಚ್ಚಿ ಸ್ಟಿಕ್ಕರ್ ನೋಡಿದ್ರೆ 12 ವೋಲ್ಟಿನ ಸಾಲಲ್ಲಿ 16 ಆಂಪ್ಸ್ ಅಂತಿದೆ, ಗುಣಿಸಿದ್ರೆ 192 ವ್ಯಾಟು. ಪ್ರೊಸೆಸರ್ರು ಕಾರ್ಡು ಎರಡೂ ಹೆಚ್ಚುಕಮ್ಮಿ ಪೂರಾ ತಗೊಳೋದು ಆ 12 ವೋಲ್ಟಿಂದಾನೇ, ಅವೆರಡೇ ಸೇರಿ 235. ಎಲ್ಲಿಂದ ಎಳೀಬೇಕು ಪಾಪ. ದೊಡ್ಡಕ್ಷರದ 450 ನೋಡ್ಬೇಡಿ, ಆ ಸಾಲು ನೋಡಿ ಅಂತ ಬಂದೋರಿಗೆಲ್ಲ ಹೇಳ್ತಾನೇ ಇರ್ತೀನಿ.

ಈಗ ಪ್ರಶ್ನೆಗೆ ಬರ್ತೀನಿ. "ಎಳ್ಕೊಳ್ಳುತ್ತೆ" ಅಂದ್ರೆ ತನ್ನ ಕಡೆಗೆ ಅನ್ನೋದು ಖಚಿತ ಆಗುತ್ತೆ, ಆ "ಕೊಳ್ಳು" ದಿಕ್ಕು ಹೇಳಿಬಿಡುತ್ತೆ, ಹಾಗಾಗಿ ಪ್ಲಗ್ಗಿನ ಕಡೆಗೆ ಅದು ಸಾಕು, ಇಲ್ಲಾಂದ್ರೆ "ತಿನ್ನುತ್ತೆ" ಇದ್ದೇ ಇದೆ. ತೊಂದ್ರೆ ಇರೋದು ಇನ್ನೊಂದು ಕಡೆಗೆ. "ತಡೆಯುತ್ತೆ" ಅನ್ನೋಣ ಅಂದ್ರೆ ಅದೂ ಎರಡು ಬಾಯಿಯ ಪದ, ತಾಳ್ಕೊಳುತ್ತೆ ಅಂತಲೂ ಆಗುತ್ತೆ, ಅಡ್ಡ ಹಾಕುತ್ತೆ ಅಂತಲೂ ಆಗುತ್ತೆ. "ಕೊಡುತ್ತೆ" ಸರಿಯೇ, ಆದ್ರೆ ಗಿರಾಕಿ ಕೇಳೋದು ಕೊಡುತ್ತಾ ಅಂತಲ್ಲ, ಸುಸ್ತಾಗ್ದೆ ನಿಲ್ಲುತ್ತಾ ಅಂತ. ನನಗೆ ಹೊಳೆದಿದ್ದು "ಹೊರುತ್ತೆ", ಲೋಡಿಗೆ ಹೊರೆ ಅನ್ನೋ ಪದ ಹೇಗೂ ಇದೆಯಲ್ಲ, "ಇದು 550 ವ್ಯಾಟ್ ಹೊರುತ್ತೆ, 353 ಎಳ್ಕೊಳ್ಳುತ್ತೆ". ನನ್ನ ತಮ್ಮ ನಕ್ಕ, ಎಸ್‌ಎಂಪಿಎಸ್ ತಲೆ ಮೇಲೆ ಸೌದೆ ಇಟ್ಟಂಗಿದೆ ಅಂತ.

ಹಾಂ, ಎಸ್‌ಎಂಪಿಎಸ್‌ಗೆ ಕನ್ನಡ ಹುಡುಕಿ ಅಂತ ನಾನು ಕೇಳ್ತಿಲ್ಲ. ವಿದ್ಯುತ್ ಸರಬರಾಜು ಅಂದ್ರೆ ನಮ್ಮ ಜಿಲ್ಲೇಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದ್ರೆ ಜನರ ಬಾಯಲ್ಲಿ ಈಗ್ಲೂ ಕೆಇಬಿ, ನೆನಪಾಗೋದು. ಸಿಪಿಯು ಒಳಗಿನ ಡಬ್ಬಕ್ಕೆ ಎಸ್‌ಎಂಪಿಎಸ್ಸೇ ಸರಿ.

ಅಂಗಡಿ ಗೋಡೆಗೊಂದು ಕನ್ನಡ ಚೀಟಿ ಬರೆದು ಅಂಟಿಸೋಣ ಅಂತಿದೀನಿ, ಅದರಲ್ಲಿ "ಹೊರುತ್ತೆ" ಹಾಕಿದ್ರೆ ಓದಿದೋರಿಗೆ ಅರ್ಥ ಆಗುತ್ತಾ? ಮೂಡಿಗೆರೆ, ಕೊಪ್ಪ ಕಡೆ ತೋಟದಲ್ಲಿ ಜನರೇಟರ್ ಇಟ್ಟಿರೋರು ಯಾರಾದ್ರೂ ಇದ್ರೆ ಹೇಳಿ, ಅದಕ್ಕೆ ಇಷ್ಟು ಲೋಡ್ ಕೊಡಬಹುದು ಅನ್ನೋದಕ್ಕೆ ನಿಮ್ಮಲ್ಲಿ ಯಾವ ಮಾತು ಆಡ್ತೀರಿ?