‘ರಾನ್ಸಮ್’ಗೆ ಕನ್ನಡದಲ್ಲಿ ಏನನ್ನೋಣ? ಫಿಲಿಪ್ಪೀನ್ಸ್‌ನ ಅಪಹರಣಗಳ ಬಗ್ಗೆ ಬರೆಯುವಾಗ ಎದ್ದ ಪ್ರಶ್ನೆ

ಗೆಳೆಯರೇ,

ನನ್ನ ಅಕ್ಕನ ಮಗಳು ಫಿಲಿಪ್ಪೀನ್ಸ್‌ನ ದಾವಾವ್ ನಗರದಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ನಮ್ಮ ದೇಶದ ಸಾವಿರಾರು ಮಕ್ಕಳು ಅಲ್ಲಿದ್ದಾರೆ. ರಜೆಯಲ್ಲಿ ಯಾವ ಕಡೆ ಹೋಗಬಹುದು, ಯಾವ ಕಡೆ ಹೋಗಲೇಬಾರದು ಅಂತ ಅಪ್ಪ ಅಮ್ಮಂದಿರಿಗೆ ತಿಳಿಯುವಂತೆ ಕನ್ನಡದಲ್ಲಿ ಎರಡು ಪುಟ ಬರೆದುಕೊಡು ಎಂದು ಅಕ್ಕ ಕೇಳಿದಳು. ಬರೆಯಲು ಕೂತೆ. ಎರಡನೇ ಪ್ಯಾರಾದಲ್ಲೇ ನಿಂತುಹೋಯಿತು. ಹಿಡಿದಿಟ್ಟವರನ್ನು ಬಿಡಲು ಕೇಳುವ ಹಣವಿದೆಯಲ್ಲ, ‘ರಾನ್ಸಮ್’, ಅದಕ್ಕೆ ಏನು ಬರೆಯಲಿ?

‘ಒತ್ತೆಹಣ’ ಎಂದು ಕೆಲವರು ಬರೆಯುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಒಡವೆಯನ್ನು ಒತ್ತೆ ಇಟ್ಟರೆ ಹಣ ನಮ್ಮ ಕೈಗೆ ಬರುತ್ತದೆ. ಹಾಗಾದರೆ ಒತ್ತೆಹಣ ಅಂದರೆ ಒತ್ತೆಯ ಮೇಲೆ ನಾವು ಪಡೆದ ಸಾಲ ಎಂದಾಯಿತು, ಅಲ್ವಾ? ಇಲ್ಲಿ ಹಣ ಹೋಗುವುದು ಎದುರು ದಿಕ್ಕಿಗೆ. ‘ಒತ್ತೆಯಾಳು’ ಮಾತ್ರ ಒಳ್ಳೆಯ ಪದ. ಮನುಷ್ಯನನ್ನೇ ಅಡವಿನ ವಸ್ತು ಮಾಡಿಬಿಟ್ಟರು ಎಂಬ ಸಂಕಟ ಅದರೊಳಗೇ ಇದೆ. ‘ಸುಲಿಗೆ’ ತುಂಬಾ ಅಗಲದ ಪದ, ದಾರಿಯಲ್ಲಿ ಚಾಕು ತೋರಿಸಿ ಕಿತ್ತುಕೊಂಡರೂ ಸುಲಿಗೆಯೇ. ‘ವಿಮೋಚನಾ ಧನ’ ಅಕ್ಕನಿಗೆ ಅರ್ಥವಾಗುವುದಿಲ್ಲ.

ಅಲ್ಲಿನವರು ಏನನ್ನುತ್ತಾರೆ ಕೇಳು ಎಂದು ಹುಡುಗಿಗೆ ಹೇಳಿದೆ. ಟಗಾಲೊಗ್ ಭಾಷೆಯಲ್ಲಿ ‘ಪಾಂತುಬೊಸ್’ ಅಂತೆ. ಅದರ ಮೂಲ ‘ತುಬೊಸ್’, ಅಂದರೆ ಅಡವಿಟ್ಟದ್ದನ್ನು ಹಣ ಕಟ್ಟಿ ಬಿಡಿಸಿಕೊಳ್ಳುವುದು. ಗಿರವಿ ಅಂಗಡಿಯಲ್ಲಿ ದಿನಾ ಬಳಸುವ ಮಾತು. ಅದೇ ಮೂಲದಿಂದ ‘ಮನುನುಬೊಸ್’ ಬಂದಿದೆ. ಬಿಡಿಸುವವನು, ಅಂದರೆ ಅಲ್ಲಿನ ಕ್ರೈಸ್ತರಿಗೆ ಯೇಸು. ನಮ್ಮ ಕನ್ನಡ ಬೈಬಲ್ಲಿನಲ್ಲೂ ಇದೇ ಜಾಗದಲ್ಲಿ ‘ಈಡು’ ಎಂಬ ಪದವಿದೆ. ಈಡಿಗೆ ಅಡವು ಎಂಬ ಅರ್ಥವೂ ಇದೆ. ಅಷ್ಟು ದೂರದ ಎರಡು ಭಾಷೆಗಳು ಒಂದೇ ಗಿರವಿ ಅಂಗಡಿಯ ಮುಂದೆ ಬಂದು ನಿಂತಿದ್ದು ಕಂಡು ಸ್ವಲ್ಪ ಹೊತ್ತು ಕೆಲಸವನ್ನೇ ಮರೆತೆ. ಆದರೆ ಇವತ್ತು ‘ಈಡು’ ಎಂದರೆ ಜನಕ್ಕೆ ‘ದಾಳಿಗೆ ಈಡಾದರು’ ಅನ್ನುವುದೇ ನೆನಪಾಗುವುದು. ಎರಡು ಪುಟದ ತಿಳಿವಳಿಕೆ ಪತ್ರದಲ್ಲಿ ಅದನ್ನು ಬಳಸಿದರೆ ಕಷ್ಟ.

ಹಾಗಾಗಿ ‘ಬಿಡಿಸಿಕೊಳ್ಳುವ ಹಣ’ ಎಂದು ಬರೆದೆ. ಒಡವೆಗೂ ಬಿಡಿಸಿಕೊಳ್ಳುವುದು, ಮನುಷ್ಯರಿಗೂ ಬಿಡಿಸಿಕೊಳ್ಳುವುದು. 2000ದ ಜುಲೈ 30ರಂದು ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ವೀರಪ್ಪನ್ ಕರೆದೊಯ್ದ ಮೇಲೆ 108 ದಿನ ನಮ್ಮ ಮನೆಯಲ್ಲಿ ಕೇಳಿದ್ದು ಒಂದೇ ಮಾತು: “ಹೇಗಾದರೂ ಬಿಡಿಸಿಕೊಂಡು ಬರಬೇಕು.” ವಿಮೋಚನೆ ಎಂದು ಯಾರೂ ಅನ್ನಲಿಲ್ಲ.

ಅದೇ ವರ್ಷ ಏಪ್ರಿಲ್ 23ರಂದು ಮಲೇಷ್ಯಾದ ಸಿಪದಾನ್ ದ್ವೀಪದಿಂದ 21 ಜನರನ್ನು ದಕ್ಷಿಣ ಫಿಲಿಪ್ಪೀನ್ಸ್‌ನ ಉಗ್ರಗಾಮಿಗಳಾದ ಅಬು ಸಯ್ಯಾಫ್ ಗುಂಪು ದೋಣಿಯಲ್ಲಿ ಹೊತ್ತೊಯ್ದು ಫಿಲಿಪ್ಪೀನ್ಸ್‌ನ ಹೋಲೋ ದ್ವೀಪದಲ್ಲಿ ಇಟ್ಟುಕೊಂಡಿತ್ತು. ಲಿಬಿಯಾ ಮಧ್ಯೆ ಬಂದು ಹಣ ಕೊಟ್ಟು ಹೆಚ್ಚಿನವರನ್ನು ಬಿಡಿಸಿತು. ಆ ಹಣಕ್ಕೆ ಇಟ್ಟ ಹೆಸರು ‘ಅಭಿವೃದ್ಧಿ ನೆರವು’! ಆ ಕಡೆ ಇನ್ನೊಂದು ಹೆಸರೂ ಓಡಾಡುತ್ತದೆ, ‘ಊಟ ವಸತಿಯ ಖರ್ಚು’. ಒತ್ತೆಯಾಳನ್ನು ಇಷ್ಟು ದಿನ ಸಾಕಿದ್ದಕ್ಕೆ ಎಂಬಂತೆ. ಸರ್ಕಾರ ಹಣ ಕೊಡುವುದಿಲ್ಲ ಎಂದು ಹೇಳಬೇಕು, ಜನ ಜೀವಂತ ಬರಲೂ ಬೇಕು. ನಡುವೆ ಇಂಥ ಪದಗಳು ಹುಟ್ಟುತ್ತವೆ. ಇವನ್ನು ಕನ್ನಡಕ್ಕೆ ತರುವಾಗ ಸುಮ್ನೆ ‘ಖರ್ಚು’, ‘ಶುಲ್ಕ’ ಎಂದು ಬರೆದು ಮುಂದೆ ಹೋಗಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅದು ಅಪಹರಣಕಾರರ ಭಾಷೆ. ಉದ್ಧರಣೆ ಚಿಹ್ನೆ ಹಾಕಿ, ಪಕ್ಕದಲ್ಲಿ ಅದರ ನಿಜವಾದ ಅರ್ಥ ಬರೆಯಬೇಕು.

ಈಗ ತೊಡಕಿನ ಜಾಗ. 2025ರಲ್ಲಿ ಮನಿಲಾ ಕಡೆ ಉಕ್ಕಿನ ಉದ್ಯಮಿಯೊಬ್ಬರನ್ನು ಡ್ರೈವರ್ ಸಮೇತ ಹಿಡಿದಿಟ್ಟರು. ಮನೆಯವರು ಹಣ ಕೊಟ್ಟರು. ಆದರೂ ಇಬ್ಬರನ್ನೂ ಕೊಂದರು. ಬಂದ ಹಣವನ್ನು ಕ್ರಿಪ್ಟೋ ಮಾಡಿ ಸಾಗಿಸಿದರು. ಇಲ್ಲಿ ‘ಬಿಡಿಸಿಕೊಳ್ಳುವ ಹಣ’ ಎಂದು ಬರೆದರೆ ಪದವೇ ಸುಳ್ಳು ಭರವಸೆ ಕೊಟ್ಟಂತಾಗುವುದಿಲ್ಲವೇ? ‘ಬಿಡುಗಡೆಗೆ ಕೇಳಿದ ಹಣ’ ಎಂದರೆ ಆ ಭರವಸೆ ಇರುವುದಿಲ್ಲ, ಬೇಡಿಕೆ ಮಾತ್ರ ಉಳಿಯುತ್ತದೆ. ಉದ್ದವಾಯಿತು, ನಿಜ.

ಎರಡನೇ ಪ್ರಶ್ನೆ ‘ಅಪಹರಣ’ದ್ದೇ. ಟಗಾಲೊಗ್‌ನಲ್ಲಿ ಜೇಬಿಗೆ ಕೈಹಾಕಿ ಎಳೆಯುವುದಕ್ಕೆ ‘ದುಕೊತ್’ ಎನ್ನುತ್ತಾರೆ. ಜೇಬುಗಳ್ಳ ‘ಮಂದುರುಕೊತ್’. ಹಾದಿಯಲ್ಲಿ ಹೋಗುವವರನ್ನು ವ್ಯಾನಿಗೆ ಎಳೆದುಕೊಂಡು ಹೋದರೂ ಅದೇ ‘ದುಕೊತ್’. ನಮ್ಮ ‘ಅಪಹರಣ’ದಲ್ಲೂ ಕದಿಯುವ ಅರ್ಥವಿದೆ, ಹಾಗಾಗಿ ಹಳೆಯ ಘಟನೆಗಳಿಗೆ ಅದು ಹೊಂದುತ್ತದೆ. 2015ರ ಸೆಪ್ಟೆಂಬರ್‌ನಲ್ಲಿ ಸಮಾಲ್ ದ್ವೀಪದ ರೆಸಾರ್ಟಿನಿಂದ ನಾಲ್ವರನ್ನು ಅಬು ಸಯ್ಯಾಫ್‌ನವರು ಹೊತ್ತೊಯ್ದರು. ಅವರಲ್ಲಿ ಕೆನಡಾದ ಇಬ್ಬರನ್ನು ಮರುವರ್ಷ ಕೊಂದರು. ಈ ಸಮಾಲ್ ದಾವಾವ್‌ನ ಎದುರಿಗೇ ಇದೆ. ನಮ್ಮ ಮಕ್ಕಳು ಈಜಲು ಹೋಗುವ ಜಾಗ. ಆಮೇಲೆ ಪರಿಸ್ಥಿತಿ ಬದಲಾಗಿದೆ. 2017ರಿಂದ ಇಂಡೋನೇಷ್ಯಾ, ಮಲೇಷ್ಯಾ, ಫಿಲಿಪ್ಪೀನ್ಸ್ ಸೇರಿ ಸಮುದ್ರದಲ್ಲಿ ಕಾವಲು ತಿರುಗುತ್ತಿವೆ. 2023ರಲ್ಲಿ, ಹೋಲೋ ದ್ವೀಪವಿರುವ ಸುಲು ಪ್ರಾಂತ್ಯವನ್ನು ಅಬು ಸಯ್ಯಾಫ್ ಮುಕ್ತ ಎಂದು ಸಾರಿದರು. ಆದರೂ ಆ ಕಡೆ ಹೋಗಬೇಡಿ ಎಂದೇ ಬರೆದಿದ್ದೇನೆ.

ಈಚಿನ ಕಥೆ ಬೇರೆ. ಪೋಗೋ ಎಂದು ಕರೆಯುವ ಆನ್‌ಲೈನ್ ಜೂಜಿನ ಕಂಪನಿಗಳು ಬಂದವು. ಅವುಗಳ ಸುತ್ತ ಚೀನಾದ ಕೆಲಸಗಾರರನ್ನು ಹಿಡಿದಿಡುವುದು, ಸಾಲಕ್ಕಾಗಿ ಕೂಡಿಹಾಕುವುದು ಶುರುವಾಯಿತು. 2024ರ ಮಾರ್ಚ್‌ನಲ್ಲಿ ಬಾಂಬಾನ್ ಎಂಬ ಊರಿನ ಒಂದೇ ಆವರಣದಿಂದ ನೂರಾರು ಜನರನ್ನು ಹೊರಗೆ ತಂದರು. ಆ ಜುಲೈನಲ್ಲಿ ಅಧ್ಯಕ್ಷ ಮಾರ್ಕೋಸ್ ಪೋಗೋಗಳನ್ನೇ ನಿಷೇಧಿಸಿದರು. ಇಂಥ ಕಡೆ ಎಷ್ಟೋ ಜನ ಕೆಲಸದ ಆಸೆಗೆ ತಾವೇ ನಡೆದು ಒಳಗೆ ಹೋಗಿರುತ್ತಾರೆ. ಆಮೇಲೆ ಪಾಸ್‌ಪೋರ್ಟ್ ಕಿತ್ತುಕೊಂಡು ಬಾಗಿಲು ಹಾಕುತ್ತಾರೆ. ಯಾರೂ ಹೊತ್ತೊಯ್ಯಲಿಲ್ಲ. ಇದನ್ನು ‘ಅಪಹರಣ’ ಎಂದರೆ ಓದುವ ತಾಯಿಗೆ ಕಾಣುವುದು ವ್ಯಾನು, ಮುಸುಕು, ಬಂದೂಕು. ಮಗನಿಗೆ ಬಂದ ಕೆಲಸದ ಆಫರ್ ಕಾಣುವುದೇ ಇಲ್ಲ.

ಫಿಲಿಪ್ಪೀನ್ಸ್‌ನ ದಂಡಸಂಹಿತೆಯ 267ನೇ ಕಲಮು ಈ ವಿಷಯದಲ್ಲಿ ಜಾಣತನ ತೋರಿದೆ. ಎತ್ತಿಕೊಂಡು ಹೋಗುವುದನ್ನೂ ಕೂಡಿಹಾಕುವುದನ್ನೂ ಒಂದೇ ಅಪರಾಧದ ಹೆಸರಿನಲ್ಲಿ ಸೇರಿಸಿದೆ. ನಮ್ಮ ಕಾನೂನಿನ ಹಿಂದಿ ಪಠ್ಯದಲ್ಲಿ ‘ವ್ಯಪಹರಣ’, ‘ಅಪಹರಣ’ ಎಂದು ಎರಡು ಪದಗಳಿವೆ, ಆದರೆ ಎರಡೂ ಒಯ್ಯುವುದರ ಸುತ್ತಲೇ ತಿರುಗುತ್ತವೆ. ನನಗೆ ಬೇಕಾದದ್ದು ಕೂಡಿಹಾಕುವುದಕ್ಕೆ ಹೆಸರು. ‘ಕೂಡಿಹಾಕಿಕೆ’ ಎಂದು ಬರೆದು ಅಳಿಸಿದೆ. ‘ಅಕ್ರಮ ಬಂಧನ’ ಎಂದರೆ ಪೊಲೀಸರ ತಪ್ಪು ಎನ್ನುವ ಹಾಗೆ ಕೇಳಿಸುತ್ತದೆ. ಸದ್ಯಕ್ಕೆ ನನ್ನ ಸಾಲು ಹೀಗಿದೆ: “ಕೆಲಸ ಕೊಡುತ್ತೇವೆಂದು ಕರೆದು ಕೂಡಿಹಾಕುತ್ತಾರೆ, ಬಿಡುಗಡೆಗೆ ಹಣ ಕೇಳುತ್ತಾರೆ, ಕೊಟ್ಟರೂ ಬಿಡುತ್ತಾರೆಂಬ ಖಾತ್ರಿ ಇಲ್ಲ.”

ನಾಮಪದವೇ ಬೇಡ, ಕ್ರಿಯಾಪದದಲ್ಲೇ ಹೇಳಿಬಿಡು ಎನ್ನುತ್ತೀರಾ? ಅಥವಾ ನಿಮ್ಮ ಊರ ಕಡೆ ಇವೆರಡಕ್ಕೂ ಬಳಕೆಯ ಪದಗಳಿವೆಯೇ? ಕರಾವಳಿಯವರು, ಉತ್ತರ ಕರ್ನಾಟಕದವರು ದಯವಿಟ್ಟು ಹೇಳಿ. ಭಾನುವಾರದೊಳಗೆ ಅಕ್ಕನಿಗೆ ಪುಟ ಕಳಿಸಬೇಕು.