ಅಪ್‌ಡೇಟ್: ಪಾರ್ಕಿಂಗ್ ಜಾಗದ ತಾಯಿ ಬೆಕ್ಕು ಮತ್ತು ಅದರ ಮರಿಗಳು

ಮಂಗಳೂರಿನ ನಮ್ಮ ವಸತಿ ಸಮುಚ್ಚಯದ ಪಾರ್ಕಿಂಗ್ ಜಾಗದಲ್ಲಿ ಮರಿ ಹಾಕಿದ್ದ, ಮನುಷ್ಯರನ್ನು ಕಂಡರೆ ಬುಸುಗುಡುವ ಬೆಕ್ಕನ್ನು ಎಲ್ಲಾದರೂ ದೂರ ಬಿಟ್ಟುಬರಬೇಕೆಂದು ಕೆಲವು ನಿವಾಸಿಗಳು ಪಟ್ಟು ಹಿಡಿದಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೆ. ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಅದೇ ಜಾಗದಲ್ಲಿ ಬಿಡುವಂತೆ ಸಲಹೆಯಿತ್ತವರಿಗೆಲ್ಲ ಕೃತಜ್ಞತೆಗಳು, ಹಾಗೆಯೇ ಮಾಡಿದೆವು.

ಮರಿಗಳು ತಾಯಿಯ ಹಾಲು ಬಿಡುವವರೆಗೆ ಕಾದು, ಸ್ವಯಂಸೇವಕರೊಬ್ಬರು ತಂದ ಬೋನಿನೊಳಗೆ ಬೂತಾಯಿ ಮೀನನ್ನು ಇಟ್ಟೆವು. ಬಾಗಿಲು ಬಿದ್ದೊಡನೆ ಕಂಬಿಗಳಿಗೆ ಅಪ್ಪಳಿಸತೊಡಗಿದ ತಾಯಿ, ಮೇಲೆ ದಪ್ಪ ಬೆಡ್‌ಶೀಟ್ ಹೊದಿಸಿ ಕತ್ತಲೆ ಮಾಡಿದ ಕೂಡಲೇ ಸುಮ್ಮನಾಯಿತು. ಪಶುವೈದ್ಯರು ಶಸ್ತ್ರಚಿಕಿತ್ಸೆಯ ಜೊತೆಗೆ ರೇಬೀಸ್ ಲಸಿಕೆಯನ್ನೂ ಹಾಕಿ, ಅರಿವಳಿಕೆಯಲ್ಲಿರುವಾಗಲೇ ಎಡಗಿವಿಯ ತುದಿಯನ್ನು ನೇರವಾಗಿ ಕತ್ತರಿಸಿದರು. ದೂರದಿಂದಲೇ ಕಾಣುವ ಈ ಗುರುತಿರುವುದರಿಂದ ಅದನ್ನು ಮತ್ತೆ ಯಾರೂ ಇದೇ ಕಾರಣಕ್ಕೆ ಹಿಡಿಯಬೇಕಾಗಿಲ್ಲ.

ಬೆಕ್ಕಿನ ಗರ್ಭಾವಧಿ ಸುಮಾರು 9 ವಾರಗಳಷ್ಟೇ, ಮರಿಗಳು ನಾಲ್ಕೈದು ತಿಂಗಳಿಗೇ ಗಬ್ಬವಾಗಬಲ್ಲವು, ಇರುವ ಬೆಕ್ಕುಗಳನ್ನು ಸಾಗಹಾಕಿದರೆ ಆಹಾರ ಸಿಗುವ ಜಾಗಕ್ಕೆ ಬೇರೆಯವು ಬಂದು ಸೇರುತ್ತವೆ ಎಂಬುದನ್ನು ಸಂಘದ ಸಭೆಯಲ್ಲಿ ವಿವರಿಸಿದಾಗ ವಿರೋಧ ಬಹುಮಟ್ಟಿಗೆ ತಗ್ಗಿತು. ಹಸಿವು, ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೆಂಬುದನ್ನೂ ತಿಳಿಸಿದೆವು.

ಮರಿಗಳು ಎಳವೆಯಲ್ಲೇ ಕೈಗೆ ಒಗ್ಗಿದ್ದರಿಂದ ಎರಡಕ್ಕೆ ಒಳ್ಳೆಯ ಮನೆ ಸಿಕ್ಕಿದೆ. ಬಾಲ ತುಸು ಡೊಂಕಾಗಿರುವ ಕಪ್ಪು ಹೆಣ್ಣುಮರಿಯೊಂದು ಇನ್ನೂ ನಮ್ಮಲ್ಲೇ ಇದೆ. ಬಾಲ್ಕನಿಗೆ ಬಲೆ ಹಾಕಿಸಿರುವ, ಮುಂದೆ ಶಸ್ತ್ರಚಿಕಿತ್ಸೆ ಮಾಡಿಸಲು ಒಪ್ಪುವ ಕುಟುಂಬಕ್ಕೇ ಅದನ್ನು ಕೊಡಬೇಕೆಂದು ಹುಡುಕುತ್ತಿದ್ದೇವೆ.