ಮಾವಿನಹಣ್ಣು ಸಿಟ್ರಸ್ಸಾ? – ನಮ್ಮ ಗುಂಪಿನ ತೋಟಗಾರಿಕೆ ಪ್ರಶ್ನೋತ್ತರ

ಪ್ರಶ್ನೆ (ಶ್ರೀನಿವಾಸಪುರದಿಂದ): ಮೇಡಂ, ನಮಸ್ತೆ. ನಮ್ಮ ಸೊಸೆಗೆ ಕಿತ್ತಳೆ, ಮೋಸಂಬಿ ತಿಂದ್ರೆ ಬಾಯೆಲ್ಲ ಕಡಿತ ಬರುತ್ತೆ. ಡಾಕ್ಟ್ರು ‘ಸಿಟ್ರಸ್ ಹಣ್ಣು ಬೇಡ’ ಅಂದ್ರು. ಈಗ ಮಾವಿನಹಣ್ಣೂ ಹುಳಿನೇ ಅಂತ ಅದನ್ನೂ ಮುಟ್ಟಲ್ಲ. ಮನೇಲಿ ಬಾದಾಮಿ, ರಸಪುರಿ ರಾಶಿ ಬಿದ್ದಿದೆ. ಮಾವೂ ಸಿಟ್ರಸ್ ಜಾತಿನಾ?

ಉತ್ತರ: ಅಲ್ಲಮ್ಮ. ಮಾವು ಗೋಡಂಬಿಯ ಮನೆತನದ್ದು. ಸಿಟ್ರಸ್ ಅಂದರೆ ನಿಂಬೆ, ಹೇರಳೆ, ಮೋಸಂಬಿ, ಚಕ್ಕೋತ, ಅವುಗಳದ್ದು ಬೇರೆ ಮನೆತನ. ಕರಿಬೇವು, ಬಿಲ್ವಪತ್ರೆ ಎರಡೂ ಆ ನಿಂಬೆಯ ಮನೆತನಕ್ಕೇ ಸೇರಿದವು, ನೋಡಿದರೆ ಯಾರೂ ನಂಬಲ್ಲ. ಎರಡು ಮನೆತನಗಳಿಗೂ ದೂರದ ನಂಟಿದೆ, ಅಷ್ಟೇ.

ಹುಳಿಯಿಂದ ಜಾತಿ ಅಳೆಯೋಕೆ ಆಗಲ್ಲ. ಮಾವಿನಕಾಯಲ್ಲೂ ನಿಂಬೆಯಲ್ಲಿರೋ ಸಿಟ್ರಿಕ್ ಆಮ್ಲವೇ ಇದೆ. ಹುಣಸೆಹಣ್ಣಿನ ಹುಳಿ ಇನ್ನೊಂದು ಆಮ್ಲದ್ದು. ಹಣ್ಣು ಹೆಚ್ಚಿ ನೋಡಿ: ಮೋಸಂಬಿಯಲ್ಲಿ ತೊಳೆ, ತೊಳೆಯೊಳಗೆ ರಸದ ಸಣ್ಣ ಚೀಲ, ಸಿಪ್ಪೆಯಲ್ಲಿ ಕಣ್ಣಿಗೆ ಚಿಮ್ಮೋ ಎಣ್ಣೆ. ಮಾವಿನಲ್ಲಿ ತಿರುಳು, ನಡುವೆ ಒಂದೇ ವಾಟೆ.

ಆದರೆ ‘ಹಾಗಾದ್ರೆ ತಿನ್ನಲಿ ಬಿಡಿ’ ಅಂತ ನಾನು ಹೇಳಲ್ಲ. ನಾನು ಗಿಡದ ಡಾಕ್ಟರ್, ಮನುಷ್ಯರದ್ದಲ್ಲ. ಮಾವಿಗೆ ತನ್ನದೇ ತಕರಾರಿದೆ, ಅದು ಸೊನೆ. ತೊಟ್ಟು ಮುರಿದ ತಕ್ಷಣ ಚಿಮ್ಮುತ್ತಲ್ಲ, ಅದು ತಾಕಿದ ಕಡೆ ಕೆಲವರಿಗೆ ಬೊಬ್ಬೆ ಬರುತ್ತೆ, ಬಾಯಂಚು ಸುಟ್ಟಂತಾಗುತ್ತೆ. ಗೋಡಂಬಿ ಸಿಪ್ಪೆಯ ಎಣ್ಣೆ, ಕಾಡುಗೇರು ಚರ್ಮ ಸುಡೋದೂ ಇದೇ ಬಗೆಯ ರಾಸಾಯನಿಕದಿಂದ. ಆದ್ದರಿಂದ ಮಾವು ತಿನ್ನಬಹುದಾ ಅಂತ ಡಾಕ್ಟರನ್ನೇ ನೇರವಾಗಿ ಕೇಳಿ. ಅವರು ಸರಿ ಅಂದರೆ ತೊಳೆದು, ಸಿಪ್ಪೆ ತೆಗೆದು, ಹೋಳು ಮಾಡಿ ಕೊಡಿ. ತೊಟ್ಟು ಕಚ್ಚಿ ಚೀಪೋದು ಬೇಡ. ಮರದಿಂದ ಇಳಿಸುವಾಗಲೂ ಒಂದೆರಡು ಇಂಚು ತೊಟ್ಟು ಬಿಟ್ಟು ಕೊಯ್ಯಿಸಿ. ಆಮೇಲೆ ತೊಟ್ಟು ಕತ್ತರಿಸಿ, ಕಾಯಿ ತಲೆಕೆಳಗೆ ಇಟ್ಟು ಸೊನೆ ಸೋರಲು ಬಿಡಿ. ಹಣ್ಣಿನ ಮೇಲೆ ಕಪ್ಪು ಕಲೆಯೂ ಬೀಳಲ್ಲ, ಮಂಡಿಯಲ್ಲಿ ರೇಟೂ ಇಳಿಯಲ್ಲ.

ಪ್ರಶ್ನೆ (ಚಿಂತಾಮಣಿಯಿಂದ): ಮೇಡಂ, ಮಾವಿನಕಾಯಿ ಹುಲ್ಲಲ್ಲಿ ಇಟ್ರೆ ಹಣ್ಣಾಗುತ್ತೆ. ಮೋಸಂಬಿ ಯಾಕಾಗಲ್ಲ? ಹಸಿರು ಮೋಸಂಬಿ ತಂದು ಎಷ್ಟು ದಿನ ಇಟ್ರೂ ಹುಳಿ ಹೋಗ್ಲಿಲ್ಲ.

ಉತ್ತರ: ಅದು ಹೋಗೋದೇ ಇಲ್ಲ ಅಣ್ಣ. ಬಲಿತ ಮಾವಿನಕಾಯಲ್ಲಿ ಪಿಷ್ಟ ತುಂಬಿರುತ್ತೆ. ಕೊಯ್ದ ಮೇಲೂ ಕಾಯಿ ತಾನೇ ಎಥಿಲೀನ್ ಅನಿಲ ಬಿಟ್ಟುಕೊಂಡು ಆ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತೆ. ಹುಲ್ಲು ಆ ಅನಿಲವನ್ನೂ ಬಿಸಿಯನ್ನೂ ಹಿಡಿದಿಡುತ್ತೆ. ಮೋಸಂಬಿಯಲ್ಲಿ ಸಕ್ಕರೆಯಾಗೋಕೆ ಪಿಷ್ಟವೇ ಕೂಡಿರಲ್ಲ. ಕೊಯ್ದ ದಿನ ಎಷ್ಟು ಸಿಹಿಯೋ ಅಷ್ಟೇ. ಸಿಪ್ಪೆ ಹಸಿರಿದೆ ಅಂತ ಕಾಯಿ ಅಂದುಕೊಳ್ಳಬೇಡಿ, ರಾತ್ರಿ ಚಳಿ ಸಾಲದಿದ್ದರೆ ಪೂರ್ತಿ ಹಣ್ಣಾದ ಮೋಸಂಬಿಯೂ ಹಸಿರಾಗೇ ಇರುತ್ತೆ. ಸಿಪ್ಪೆ ನುಣುಪಾಗಿ, ಕೈಯಲ್ಲಿ ಭಾರವಾಗಿದ್ದರೆ ತಗೊಳ್ಳಿ.

ಬೇಗ ಹಣ್ಣಾಗಲಿ ಅಂತ ಮಾವಿಗೆ ಕಾರ್ಬೈಡ್ ಮಾತ್ರ ಹಾಕಬೇಡಿ, ಕಾನೂನಿನಲ್ಲೇ ನಿಷೇಧ. ಎಥಿಲೀನ್ ಅನಿಲಕ್ಕೆ 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 100 ಪಾಲಿನವರೆಗೆ ಅನುಮತಿ ಇದೆ.

ಪ್ರಶ್ನೆ (ಮುಳಬಾಗಿಲಿನಿಂದ): ಮಾವು, ಕಿತ್ತಳೆ ಎರಡರಲ್ಲಿ ‘ಸಿ’ ವಿಟಮಿನ್ ಯಾವುದರಲ್ಲಿ ಜಾಸ್ತಿ?

ಉತ್ತರ: ಕಿತ್ತಳೆಯಲ್ಲಿ. 100 ಗ್ರಾಂ ತಿರುಳಿಗೆ ಕಿತ್ತಳೆಯಲ್ಲಿ ಸುಮಾರು 50 ಮಿಲಿಗ್ರಾಂ, ಮಾವಿನಹಣ್ಣಲ್ಲಿ 35ರ ಆಸುಪಾಸು. ತಳಿ ಮೇಲೆ ಹೆಚ್ಚುಕಮ್ಮಿ. ‘ಎ’ ವಿಟಮಿನ್ ಆಗುವ ಬೀಟಾ ಕ್ಯಾರೋಟಿನ್ ಲೆಕ್ಕಕ್ಕೆ ಬಂದರೆ ಮಾವಿನ ಹತ್ತಿರ ಕಿತ್ತಳೆ ನಿಲ್ಲಲ್ಲ. ಸಕ್ಕರೆಯೂ ಮಾವಿನಲ್ಲೇ ಜಾಸ್ತಿ, ಶುಗರ್ ಇರೋರು ಹೋಳು ಎಣಿಸಿ ತಿನ್ನಿ.

ಪ್ರಶ್ನೆ (ಶ್ರೀನಿವಾಸಪುರದಿಂದಲೇ, ಇನ್ನೊಬ್ಬರು): ತೋತಾಪುರಿ ರೇಟು ಪ್ರತಿ ವರ್ಷ ಕೈ ಕೊಡುತ್ತೆ. ಮಾವಿನ ಸಾಲಿನ ಮಧ್ಯೆ ನಿಂಬೆ ಹಾಕಿದ್ರೆ ಹೇಗೆ ಮೇಡಂ?

ಉತ್ತರ: ನಿಮ್ಮ ಸಂಕಟ ಗೊತ್ತು, ಆದರೆ ಈ ಜೋಡಿ ಹೊಂದಲ್ಲ. ನಿಂಬೆ ಬೇರು ಮೇಲ್ಮಣ್ಣಲ್ಲೇ ಹರಡುತ್ತೆ, ಬೇಸಿಗೆಯಲ್ಲಿ ನೀರು ಕೇಳುತ್ತೆ. ಮಾವಿಗೆ ಹೂ ಬರೋ ಮುಂಚೆ ಒಣಗಲು ಬಿಡಬೇಕು. ನವೆಂಬರ್, ಡಿಸೆಂಬರ್‌ನಲ್ಲಿ ನಿಂಬೆಗೆ ಅಂತ ನೀರು ಹಾಯಿಸಿದರೆ ಮಾವು ಹೂ ಬಿಡೋ ಬದಲು ಚಿಗುರುತ್ತೆ. ಮರ ದೊಡ್ಡದಾದ ಮೇಲೆ ಆ ನೆರಳಲ್ಲಿ ನಿಂಬೆಯೂ ಕಾಯಿ ಕಟ್ಟಲ್ಲ. ಹಾಕಲೇಬೇಕು ಅಂದ್ರೆ ಬೋರ್‌ವೆಲ್ ಪಕ್ಕ ಬೇರೆ ತುಂಡಲ್ಲಿ ಹಾಕಿ. ಮಾವಿನ ಸಾಲಿಗೆ ಮಳೆಗಾಲದ ಹುರುಳಿ, ಅಲಸಂದೆ ಸಾಕು.